ಥಾರ್ನ್‌ಲೋ ಉಳಿದ ಬೆಳಗು

ಕಾಲಿನ ಎರಡು ಹೆಬ್ಬೆರಳು ಸೇರಿಸಿ ಕಟ್ಟುವಾಗ ಹೊನ್ನಮ್ಮನ ಕೈಯಿಂದ ದಾರ ಎರಡು ಸಲ ಜಾರಿತು. ಮೂರನೆಯ ಸಲ ಮಗಳು ವೇದಾ ಬಂದು ಗಂಟಿನ ಮೇಲೆ ಬೆರಳೊತ್ತಿ ಹಿಡಿದಳು, ಹೊನ್ನಮ್ಮ ಬಿಗಿದರು. ಗಂಡನ ಕಾಲು ಇಷ್ಟು ತಣ್ಣಗಿದ್ದುದನ್ನು ಅವರು ಕಂಡೇ ಇರಲಿಲ್ಲ. ರಮಾನಂದರಿಗೆ ಸಕ್ಕರೆ ಕಾಯಿಲೆ, ಅಂಗಾಲುರಿ. ಹದಿನೈದು ವರ್ಷದಿಂದ ಹೊದಿಕೆಯ ಹೊರಗೆ ಕಾಲು ಚಾಚಿಯೇ ಮಲಗುತ್ತಿದ್ದರು.

"ಬಿಗಿ ಜಾಸ್ತಿ ಆಯ್ತೇನೋ," ಎಂದರು ಹೊನ್ನಮ್ಮ.

"ಇಲ್ಲಮ್ಮ, ಸರಿಯಾಗಿದೆ."

ಪೆನಾಂಗಿನ ಬಯಾನ್ ಲೆಪಾಸಿನ ಆ ಸಾಲುಮನೆಯ ಮುಂದೆ ಕಾರು ನಿಲ್ಲಿಸುವ ಜಾಗವನ್ನು ತೆರವು ಮಾಡಿ, ಚಾಪೆ ಹಾಸಿ, ತಲೆ ದಕ್ಷಿಣಕ್ಕೆ ಮಾಡಿ ಮಲಗಿಸಿದ್ದರು. ಒಂಬತ್ತು ಗಂಟೆಗೇ ಬಿಸಿಲು ಚುರುಕಾಗಿತ್ತು. ಅಳಿಯ ಲೋಕೇಶ ಪೊಲೀಸ್ ಠಾಣೆಗೆ ಹೋಗಿದ್ದ. ಮನೆಯಲ್ಲಿ ತೀರಿಕೊಂಡವರ ಸಂಸ್ಕಾರಕ್ಕೆ ಅಲ್ಲಿಂದ ಚೀಟಿ ತರಬೇಕು. ಒಲೆ ಹಚ್ಚದ ಮನೆಗೆ ಪಕ್ಕದ ಮನೆಯ ಲಕ್ಷ್ಮಿ ಫ್ಲಾಸ್ಕಿನಲ್ಲಿ ಕಾಫಿ ತಂದಿಟ್ಟಿದ್ದಳು. ಎಲ್ಲರೂ ಕುಡಿದರು. ಹೊನ್ನಮ್ಮನ ಲೋಟದಲ್ಲಿ ಕೆನೆ ಕಟ್ಟಿತ್ತು.

ಹತ್ತರ ಹೊತ್ತಿಗೆ ದೇವಸ್ಥಾನದ ಅರ್ಚಕರು, ಗುರುಕ್ಕಳು, ಬಂದರು. ದರ್ಭೆ, ಎಳ್ಳು, ಮಡಕೆ ಎಲ್ಲವನ್ನೂ ನೋಡಿ, ಒಂದೊಂದನ್ನೇ ಬಲಕ್ಕೆ ಸರಿಸಿಟ್ಟು, ಎಲ್ಲ ಮನೆಗಳಲ್ಲೂ ಕೇಳುವಂತೆ ಇಲ್ಲಿಯೂ ತಮಿಳಿನಲ್ಲಿ ಕೇಳಿದರು: ಪ್ರಾಣ ಹೋಗುವಾಗ ಕಿವಿಗೆ ನಾಮ ಬಿತ್ತೇ, ಬಾಯಿಗೆ ತೀರ್ಥ ಬಿತ್ತೇ?

ಅಮ್ಮ ಪಕ್ಕದಲ್ಲೇ ಇದ್ದರು ಎಂದು ವೇದಾ ಉತ್ತರ ಕೊಟ್ಟಳು. ಗುರುಕ್ಕಳು ಹಾಗಾದರೆ ಕೇಳಬೇಕಾದ್ದೇ ಇಲ್ಲ ಎನ್ನುವಂತೆ ತಲೆಯಾಡಿಸಿದರು. ಮೂವತ್ತು ವರ್ಷದಿಂದ ಶನಿವಾರ ತಪ್ಪದೆ ತುಳಸಿ ಮಾಲೆ ತಂದುಕೊಡುವ ಹೆಂಗಸು. ಏಕಾದಶಿ ಬಿಟ್ಟವರಲ್ಲ. ಇಂಥವರ ಗಂಡನ ಕಿವಿಗೆ ನಾಮ ಬೀಳದೆ ಇನ್ನೇನು ಬಿದ್ದೀತು?

ಬಿದ್ದದ್ದು ಒಂದು ಫುಟ್‌ಬಾಲ್ ಆಟದ ಫಲಿತಾಂಶ. ಅದನ್ನು ಹೇಳಿದವರು ಹೊನ್ನಮ್ಮನೇ. ಈ ಮಾತು ಅವರೊಬ್ಬರಿಗೆ ಬಿಟ್ಟರೆ ಆ ಮನೆಯಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ.

ಕೊನೆಗಾಲದಲ್ಲಿ ಮನಸ್ಸು ಏನನ್ನು ಹಿಡಿದಿರುತ್ತದೋ ಜೀವ ಅದನ್ನೇ ಹೋಗಿ ಸೇರುತ್ತದೆ ಎಂದು ಹೊನ್ನಮ್ಮ ಚಿಕ್ಕಂದಿನಿಂದ ಕೇಳಿ ನಂಬಿದವರು. ಈಗ ಗಂಡನ ಜೀವ ಎತ್ತ ಹೋಗಿರಬೇಕು? ಇಂಗ್ಲೆಂಡಿನ ಆ ಚಳಿಯ ಊರಿಗೋ? ತನ್ನ ಕಾಲ ಬಂದಾಗ ತಾನು ನಾರಾಯಣ ಎಂದು ಕಣ್ಣು ಮುಚ್ಚಿದರೆ ಅವರೊಂದು ದಿಕ್ಕು, ತಾನೊಂದು ದಿಕ್ಕು. ನಲವತ್ತೇಳು ವರ್ಷ ಒಟ್ಟಿಗೆ ಇದ್ದವರನ್ನು ಒಂದು ಕ್ಷಣದಲ್ಲಿ ತಾನೇ ಕೈಯಾರೆ ಬೇರೆ ದಾರಿಗೆ ಕಳಿಸಿಬಿಟ್ಟೆನೆ?

ಅಷ್ಟರಲ್ಲಿ ಮೊಮ್ಮಗಳು ನಿಹಾರಿಕಾ ಫೋನು ಹಿಡಿದು ಬಂದಳು. ಮೈಸೂರಿನಿಂದ ವಾಸಂತಕ್ಕ, ರಮಾನಂದರ ಅಕ್ಕ. ಎಂಬತ್ತಮೂರು ವರ್ಷದ ಮುಖ ಪರದೆಯ ತುಂಬ ಬಂತು. ಒಮ್ಮೆ ಹಣೆ, ಒಮ್ಮೆ ಬರೀ ಕಿವಿ. ನಿಹಾರಿಕಾ ಫೋನನ್ನು ಅಜ್ಜನ ಮುಖದ ಕಡೆ ತಿರುಗಿಸಿದಳು. ಆ ಮುದುಕಿ ಬಹಳ ಹೊತ್ತು ತಮ್ಮನನ್ನು ನೋಡಿದರು. ಆಮೇಲೆ ಫೋನು ಹೊನ್ನಮ್ಮನ ಕೈಗೆ ಬಂತು.

"ಹೊನ್ನಾ, ಕೊನೇಲಿ ಏನಂದ ನಮ್ಮ ರಾಮು?"

"ಬಾಯಿಗೆ ಗಂಗೆ ಬಿಟ್ಟೆ ಅಕ್ಕ," ಎಂದರು ಹೊನ್ನಮ್ಮ.

ಸುಳ್ಳಲ್ಲ. ಬಿಟ್ಟದ್ದು ನಿಜ. ಬಿಟ್ಟಾಗ ಆ ಬಾಯಿಗೆ ನುಂಗುವ ಶಕ್ತಿ ಇರಲಿಲ್ಲ ಎಂಬುದನ್ನು ಹೇಳಲಿಲ್ಲ, ಅಷ್ಟೇ.

*

ಥಾರ್ನ್‌ಲೋ ಇಂಗ್ಲೆಂಡಿನ ಉತ್ತರ ಭಾಗದ ಒಂದು ಸಣ್ಣ ಊರು. ರಮಾನಂದರು ಸಂಸಾರ ಸಮೇತ ಮೈಸೂರಿನಿಂದ ಪೆನಾಂಗಿಗೆ ಬಂದ ಮೂರನೆಯ ವರ್ಷ, ಕಂಪ್ಯೂಟರಿನ ಚಿಪ್ಪುಗಳನ್ನು ಪರೀಕ್ಷಿಸುವ ಹೊಸ ಯಂತ್ರದ ಕೆಲಸ ಕಲಿತು ಬರಲು ಕಾರ್ಖಾನೆಯವರು ಆರು ತಿಂಗಳ ಮಟ್ಟಿಗೆ ಅವರನ್ನು ಅಲ್ಲಿಗೆ ಕಳುಹಿಸಿದರು. ಇಳಿದುಕೊಂಡದ್ದು ಆರ್ಥರ್ ಎಂಬ ಮುದುಕನ ಮನೆಯ ಮಹಡಿ ಕೋಣೆಯಲ್ಲಿ. ಹೆಂಡತಿ ಸತ್ತ ಒಂಟಿ ಮನುಷ್ಯ. ವಾರವೆಲ್ಲ ಇಬ್ಬರಿಗೂ ಮಾತಿಲ್ಲ. ಒಬ್ಬರ ಇಂಗ್ಲಿಷು ಇನ್ನೊಬ್ಬರಿಗೆ ತಿಳಿಯದು. ಶನಿವಾರ ಮಧ್ಯಾಹ್ನ ಮುದುಕ ಬಾಗಿಲು ತಟ್ಟಿ, ಒಂದು ಕೊಡೆ ಕೊಟ್ಟು, ಬಾ ಎಂದು ಸನ್ನೆ ಮಾಡಿ ಕರೆದುಕೊಂಡು ಹೋದ.

ಹೋದದ್ದು ಊರಿನ ಫುಟ್‌ಬಾಲ್ ಮೈದಾನಕ್ಕೆ. ತಲೆಯ ಮೇಲೆ ಸೂರಿಲ್ಲದ ಕಟ್ಟೆ, ಜಡಿಮಳೆ, ಎರಡು ಸಾವಿರ ಜನ. ಥಾರ್ನ್‌ಲೋ ಟೌನ್ ನಾಲ್ಕನೆಯ ದರ್ಜೆಯ ತಂಡ. ಆ ದಿನ ಮೂರು ಗೋಲಿನಿಂದ ಸೋತಿತು. ಮೂರನೆಯದು ಬಿದ್ದ ಮೇಲೆ ರಮಾನಂದರು, ಜನ ಇನ್ನೇನು ಮನೆಗೆ ಹೊರಡುತ್ತಾರೆ ಎಂದು ಕೊಡೆ ಮಡಿಸಿದರಂತೆ. ಒಬ್ಬರೂ ಅಲುಗಲಿಲ್ಲ. ಸೀಟಿ ಊದಿ, ಆಡಿದವರೆಲ್ಲ ಒಳಗೆ ಹೋದ ಮೇಲೆ ಆರ್ಥರ್ ಟೋಪಿ ಸರಿಮಾಡಿಕೊಂಡು, ಮುಂದಿನ ಶನಿವಾರ ಊರಲ್ಲೇ ಆಟ ಎಂದ.

ಅರ್ಧ ಆಟ ಮುಗಿದಾಗ ಮುದುಕ ಒಂದು ಲೋಟ ಕಪ್ಪನೆಯ ಬಿಸಿ ಸಾರು ತಂದುಕೊಡುತ್ತಿದ್ದ. ಅದು ದನದ ಮಾಂಸದ ರಸ ಎಂದು ರಮಾನಂದರಿಗೆ ತಿಳಿದದ್ದು ಮೂರು ವಾರದ ಮೇಲೆ. ಹೆಂಡತಿಗೆ ಹೇಳುವ ಧೈರ್ಯ ಬಂದದ್ದು ಹನ್ನೊಂದು ವರ್ಷದ ಮೇಲೆ. ಹೊನ್ನಮ್ಮ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಪಂಚಗವ್ಯ ಕುಡಿಸಿ, ಎಷ್ಟು ಲೋಟ ಎಂದು ಕೇಳಿದರು.

"ಮೂರು."

"ರುಚಿಯಾಗಿತ್ತಾ?"

"ಬಿಸಿಯಾಗಿತ್ತು ಕಣೇ," ಎಂದಿದ್ದರು ರಮಾನಂದರು.

ಪೆನಾಂಗಿಗೆ ಮರಳಿದ ಮೇಲೂ ಆರ್ಥರ್ ತಿಂಗಳಿಗೊಮ್ಮೆ ಪತ್ರಿಕೆಯ ತುಣುಕುಗಳನ್ನು ಕತ್ತರಿಸಿ ಅಂಚೆಯಲ್ಲಿ ಕಳುಹಿಸುತ್ತಿದ್ದ. ಒಂದು ವರ್ಷ ತುಣುಕು ಬರುವುದು ನಿಂತಿತು. ಅಷ್ಟರಲ್ಲಿ ಮನೆಗೆ ಕಂಪ್ಯೂಟರು ಬಂದಿತ್ತು. ಈ ಊರಿನಲ್ಲಿ ಫುಟ್‌ಬಾಲಿನ ಹುಚ್ಚು ಯಾರಿಗಿಲ್ಲ? ಸಂಜೆಯಾದರೆ ಮಾಮಕ್ ಎನ್ನುವ ಚಹಾದಂಗಡಿಯ ದೊಡ್ಡ ಟೀವಿಯ ಮುಂದೆ ಮಲಾಯರು, ಚೀನೀಯರು, ತಮಿಳರು ಎಲ್ಲ ಕೂತು ದೊಡ್ಡ ದೊಡ್ಡ ತಂಡಗಳಿಗಾಗಿ ಕೂಗುವವರೇ. ರಮಾನಂದರೂ ಅಲ್ಲೇ ಕೂತು, ಚಹಾ ಮುಂದಿಟ್ಟುಕೊಂಡು, ಕೈಯಲ್ಲಿದ್ದ ಫೋನಿನಲ್ಲಿ ಎರಡು ನಿಮಿಷಕ್ಕೊಂದು ಸಾಲು ಮೂಡುವ ಥಾರ್ನ್‌ಲೋ ಸುದ್ದಿ ಓದುತ್ತಿದ್ದರು. ಅಂಗಡಿಯೆಲ್ಲ ಮೌನವಾಗಿದ್ದಾಗ ಅವರೊಬ್ಬರೇ ನಗುತ್ತಿದ್ದರು. ಜೊತೆಯಲ್ಲಿ ಕೂರುತ್ತಿದ್ದವನು ಕಾರ್ಖಾನೆಯ ಹಳೆಯ ಗೆಳೆಯ ಲಿಮ್. ನಿನ್ನ ತಂಡ ಟೀವಿಗೂ ಬೇಡ ಲಾ, ಎಂದು ಹಂಗಿಸುತ್ತ ಹಂಗಿಸುತ್ತ ಅವನೂ ಆ ಸಾಲುಗಳಿಗೆ ಅಂಟಿಕೊಂಡ.

*

ಈ ವರ್ಷದ ಆಟಗಳು ಆಗಸ್ಟಿನಲ್ಲಿ ಶುರುವಾದಾಗ ರಮಾನಂದರ ಕಣ್ಣು ಮಂಜಾಗಿತ್ತು. ಓದಿ ಹೇಳುವ ಕೆಲಸ ಹೊನ್ನಮ್ಮನ ಪಾಲಿಗೆ ಬಂತು. ಹುಣಸೂರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಅವರು ಇಂಗ್ಲೆಂಡಿನ ಊರಿನ ಹೆಸರುಗಳನ್ನು ಅಕ್ಷರ ಕೂಡಿಸಿ ಓದುವರು; ಗಂಡ ಮಲಗಿದಲ್ಲೇ ತಿದ್ದುವರು. ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಆಟದ ಫಲ ಓದುವುದು ರೂಢಿಯಾಯಿತು. ಓದಿದ್ದನ್ನು ದೇವಸ್ಥಾನದವರು ಕೊಟ್ಟ ಕ್ಯಾಲೆಂಡರಿನಲ್ಲಿ ತಿಥಿಯ ಪಕ್ಕ ಬರೆದಿಡುವರು. ದ್ವಾದಶಿ, ಸೊನ್ನೆ-ಎರಡು. ಸಂಕಷ್ಟಿ, ಒಂದು-ಮೂರು.

ಇಪ್ಪತ್ತನಾಲ್ಕು ತಂಡಗಳಲ್ಲಿ ಕೊನೆಯ ಎರಡು ದರ್ಜೆಯಿಂದ ಹೊರಕ್ಕೆ. ಜನವರಿಗೆ ಥಾರ್ನ್‌ಲೋ ಇಪ್ಪತ್ತಮೂರನೆಯದು. ಅದೇ ತಿಂಗಳು ರಮಾನಂದರ ಮೂತ್ರಪಿಂಡ ಕೈಕೊಟ್ಟಿತು. ಒಂದು ದಿನ ಹೊನ್ನಮ್ಮ, ಸತ್ಯನಾರಾಯಣನ ಪೂಜೆ ಹೇಳಿಕೊಳ್ಳಲೇ, ನಿಮ್ಮವರು ಒಂದೆರಡಾದರೂ ಗೆಲ್ಲಲಿ ಎಂದರು.

"ದೇವರ ಹತ್ರ ಗೋಲು ಕೇಳಬೇಡ್ವೆ," ಎಂದರು ರಮಾನಂದರು. "ಆ ಕಡೆ ತಂಡದಲ್ಲೂ ಯಾರಿಗೋ ಒಬ್ಬ ಗಂಡ ಮಲಗಿರ್ತಾನೆ."

ಮಾರ್ಚಿನಿಂದ ಏನಾಯಿತೋ, ತಂಡ ಒಂದೊಂದೇ ಅಂಕ ಕೂಡಿಸಿತು. ಮೇ ತಿಂಗಳ ಮೊದಲ ಶನಿವಾರ ಕೊನೆಯ ಆಟ. ಸೋಲದಿದ್ದರೆ ಸಾಕು, ಉಳಿಯುತ್ತದೆ. ಅದಕ್ಕೆ ಎಂಟು ದಿನ ಮುಂಚೆಯೇ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ರಾಜಧಾನಿಯ ಬಾಂಗ್ಸಾರಿನಿಂದ ವೇದಾ, ಲೋಕೇಶ, ನಿಹಾರಿಕಾ ಬಂದರು. ಶನಿವಾರ ಸಂಜೆಗೇ ರಮಾನಂದರಿಗೆ ಮಂಪರು. ಅಲ್ಲಿಯ ಮಧ್ಯಾಹ್ನ ಇಲ್ಲಿಯ ರಾತ್ರಿ. ಆಟ ಶುರುವಾದದ್ದು, ಮುಗಿದದ್ದು ಯಾವುದೂ ಆ ಮನೆಗೆ ತಿಳಿಯಲಿಲ್ಲ.

ಬೆಳಗಿನ ಜಾವ ಹೊನ್ನಮ್ಮ ಸ್ನಾನ ಮಾಡಿ, ದೀಪ ಹಚ್ಚಿ, ಬೆಳ್ಳಿಯ ಉದ್ಧರಣೆಯಲ್ಲಿ ತುಳಸಿ ಹಾಕಿದ ಗಂಗೆಯ ನೀರು ತೆಗೆದುಕೊಂಡು ಬಂದಾಗ ಗಂಡ ಕಣ್ಣು ತೆರೆದಿದ್ದರು. ಉಸಿರು ಗಂಟಲಿಗೆ ಬಂದಿತ್ತು. ನೋಡಿದೊಡನೆ ಹೊನ್ನಮ್ಮನಿಗೆ ತಿಳಿಯಿತು.

"ನಾರಾಯಣ ಅನ್ನಿ," ಎಂದರು.

"ಹೊನ್ನೂ, ಏನಾಯ್ತೇ?"

"ನಾರಾಯಣ ಅನ್ನೀಂದ್ರೆ."

"ಏನಾಯ್ತು?"

ಆ ಕಣ್ಣುಗಳು ಹೆಂಡತಿಯ ಮುಖವನ್ನು ಹಿಡಿದು ಬಿಡಲಿಲ್ಲ. ಹೊನ್ನಮ್ಮ ಉದ್ಧರಣೆಯನ್ನು ಮೇಜಿನ ಮೇಲಿಟ್ಟರು. ಫೋನು ಎತ್ತಿಕೊಂಡರು. ಕೈ ಒದ್ದೆ, ಎಷ್ಟು ಒತ್ತಿದರೂ ಪರದೆ ತೆರೆಯಲಿಲ್ಲ. ಸೆರಗಿನಲ್ಲಿ ಬೆರಳು ಒರೆಸಿ, ಮತ್ತೆ ಒತ್ತಿ, ಕನ್ನಡಕ ಹುಡುಕಿ, ಅಕ್ಷರ ಕೂಡಿಸಿ ಓದಿದರು.

"ಒಂದು-ಒಂದು. ಸಮ ಆಗಿದೆ ರೀ. ಉಳ್ಕೊಂಡ್ರು."

"ಸದ್ಯ," ಎಂದರು ರಮಾನಂದರು.

ಹೊನ್ನಮ್ಮ ಫೋನಿಟ್ಟು ಉದ್ಧರಣೆ ಎತ್ತಿಕೊಂಡು ತಿರುಗುವಷ್ಟರಲ್ಲಿ ಆಗಿಹೋಗಿತ್ತು. ಬಿಟ್ಟ ನೀರು ತುಟಿಯ ಮೂಲೆಯಿಂದ ಇಳಿದು ದಿಂಬಿಗೆ ಹೋಯಿತು.

*

ಹನ್ನೊಂದರ ಹೊತ್ತಿಗೆ ಲಿಮ್ ಬಂದ. ಎಪ್ಪತ್ತು ದಾಟಿದ ಮನುಷ್ಯ, ತಲೆಗೆ ಬಿಸಿಲಿನ ಟೋಪಿ, ಕೈಯಲ್ಲಿ ಒಂದು ಡಬ್ಬಿ. ಒಳಗೆ ಅಕ್ಕಿ ಹಿಟ್ಟಿನ ಸಿಹಿ. ಗೆಳೆಯನಿಗೆ ತಂಡ ಉಳಿದ ಸುದ್ದಿ ಹೇಳಿ ಒಂದು ಚೂರಾದರೂ ಬಾಯಿಗಿಡಬೇಕೆಂದು ಬೆಳಿಗ್ಗೆಯೇ ಕೊಂಡಿದ್ದ. ಸಾವಿನ ಸುದ್ದಿ ಅವನಿಗೆ ಸಿಕ್ಕಿದ್ದು ಅಂಗಡಿಯಲ್ಲಿ ನಿಂತಿದ್ದಾಗ. ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಹೊನ್ನಮ್ಮನ ಮುಂದೆ ನಿಂತ. ಅವನು ಮಾತಾಡುವುದು ಈ ಊರಿನ ಇಂಗ್ಲಿಷು. ಮೂವತ್ತು ವರ್ಷ ಕೇಳಿ ಕೇಳಿ ಅದು ಹೊನ್ನಮ್ಮನಿಗೆ ಕನ್ನಡದಷ್ಟೇ ತಿಳಿಯುತ್ತಿತ್ತು.

"ಮಿಸೆಸ್ ರಾಮಾ, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ," ಎಂದ. "ಅವನಿಗೆ ಗೊತ್ತಾಯ್ತಾ?"

ಹೊನ್ನಮ್ಮ ಸುತ್ತ ನೋಡಿದರು. ವೇದಾ ಒಳಗಿದ್ದಳು. ಗುರುಕ್ಕಳು ದರ್ಭೆ ಕಟ್ಟುತ್ತಿದ್ದರು.

"ನಾನೇ ಹೇಳ್ದೆ," ಎಂದರು ತಗ್ಗಿದ ದನಿಯಲ್ಲಿ.

ಲಿಮ್ ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಬಾಗಿಲಲ್ಲಿ ಬಂದಾಗ ಅಳದೇ ಇದ್ದವನು ಈಗ ಅತ್ತ. ದಾರಿಯುದ್ದಕ್ಕೂ ತನಗೆ ಇದೊಂದೇ ಯೋಚನೆ, ಗೊತ್ತಿಲ್ಲದೆ ಹೋಗಿಬಿಟ್ಟನೇನೋ ಎಂದು. ಇನ್ನು ನೆಮ್ಮದಿ, ಎಂದ. ಹೊನ್ನಮ್ಮ ಅವನನ್ನೇ ನೋಡಿದರು. ಬೆಳಗಿನಿಂದ ತನ್ನ ಎದೆಯಲ್ಲಿ ಕಲ್ಲಾಗಿ ಕೂತದ್ದು ಈ ಮನುಷ್ಯನ ಎದೆಯಿಂದ ಕಲ್ಲು ಇಳಿಸಿತ್ತು.

ಬರೀ ಒಂದು-ಒಂದು ಅಂತಷ್ಟೇ ಓದಿದೆ, ಇನ್ನೇನಾಯಿತು ನನಗೂ ತಿಳಿಯದು ಎಂದರು. ಲಿಮ್ ಕಣ್ಣೊರೆಸಿಕೊಂಡು ಆಟವನ್ನು ಮೊದಲಿನಿಂದ ಹೇಳಿದ. ಅರ್ಧ ಗಂಟೆ ಹೇಳಿದ. ಹೊನ್ನಮ್ಮ ನಡುವೆ ಎರಡು ಸಲ, ಆ ಹುಡುಗ ಯಾರ ಕಡೆಯವನು, ಎಂದು ಕೇಳಿ ತಿಳಿದುಕೊಂಡರು. ದೂರದಿಂದ ನೋಡಿದ ಲಕ್ಷ್ಮಿ, ಪಾಪ, ಗಂಡನ ಹಳೆಯ ದಿನಗಳ ಮಾತು ಕೇಳುತ್ತಿದ್ದಾರೆ ಎಂದುಕೊಂಡಳು.

ಪೊಲೀಸರ ಚೀಟಿ ಬಂತು. ಸ್ಮಶಾನದವರು ಒಂದೂವರೆಗೆ ಹೊತ್ತು ಕೊಟ್ಟಿದ್ದರು. ಹನ್ನೆರಡೂವರೆಗೆ ವ್ಯಾನು ಮನೆಯ ಮುಂದೆ ಹಿಮ್ಮುಖವಾಗಿ ಬಂದು ನಿಂತಿತು. ಆಗ ವಾಸಂತಕ್ಕನ ಫೋನು ಮತ್ತೆ ಬಂತು, ತಮ್ಮನನ್ನು ಎತ್ತುವುದನ್ನು ನೋಡಬೇಕೆಂದು. ಹೊನ್ನಮ್ಮ ಮೊಮ್ಮಗಳ ಕೈಯಿಂದ ಫೋನು ತೆಗೆದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿದರು.

"ಅಕ್ಕ, ಬೆಳಿಗ್ಗೆ ನಿಮಗೆ ಪೂರ್ತಿ ಹೇಳಲಿಲ್ಲ."

ಹೇಳಿದರು. ಉದ್ಧರಣೆ ಕೆಳಗಿಟ್ಟದ್ದು, ಫೋನು ಎತ್ತಿದ್ದು, ಒದ್ದೆ ಬೆರಳು, ಗಂಡನ ಕೊನೆಯ ಮಾತು. ವಾಸಂತಕ್ಕ ಮಡಿ, ವ್ರತ, ನೇಮದಲ್ಲಿ ಹೊನ್ನಮ್ಮನಿಗಿಂತ ಒಂದು ಕೈ ಮೇಲು. ಬೈಯಲಿ ಎಂದೇ ಹೇಳಿದ್ದು, ಬೈಸಿಕೊಂಡರಾದರೂ ಹಗುರವಾದೀತು. ಪರದೆಯ ಮೇಲೆ ಮುದುಕಿಯ ಮುಖ ಅಲುಗಲಿಲ್ಲ. ನೆಟ್ ಹೋಯಿತೇನೋ ಎಂದು ಹೊನ್ನಮ್ಮ ಫೋನು ಕುಲುಕಿದರು.

"ಕುಲುಕಬೇಡ, ಇದೀನಿ," ಎಂದರು ವಾಸಂತಕ್ಕ. "ನಮ್ಮಪ್ಪ ಹೋಗುವಾಗ ಏನಂದ್ರು ಗೊತ್ತಾ ನಿನಗೆ?"

"ಮಾವನೋರು? ನಾರಾಯಣ ನಾರಾಯಣ ಅಂತ ಮೂರು ಸಲ ಅಂದ್ರಂತೆ. ನೀವೇ ಹೇಳಿದ್ದು."

"ಹೂಂ, ನಾನೇ ಹೇಳಿದ್ದು. ಹತ್ತಿರ ಇದ್ದವಳು ನಾನೊಬ್ಬಳೇ. ಗೌರಿ ಕರು ಹಾಕಿದಳೇನೇ ಅಂದ್ರು. ಹೆಣ್ಗರು ಅಂದೆ. ಕಾಲು ನೀಡಿ ಹೋದ್ರು. ಐವತ್ತೊಂದು ವರ್ಷ ಆಯ್ತು. ಯಾರಿಗೂ ಹೇಳಿಲ್ಲ, ರಾಮುಗೂ," ಎಂದರು.

ಹೊನ್ನಮ್ಮ ಅಡುಗೆ ಕಟ್ಟೆಗೆ ಒರಗಿ ನಿಂತರು.

"ಹಾಗಾದ್ರೆ ಮಾವನೋರಿಗೆ..."

"ಆ ಕರು ದೊಡ್ಡದಾಗಿ ಹಾಲು ಕೊಡ್ತು. ಒಂಬತ್ತು ವರ್ಷ ಅದೇ ಹಾಲು ನೈವೇದ್ಯಕ್ಕೆ ಇಟ್ಟೆ. ದೇವರು ಬೇಡ ಅನ್ನಲಿಲ್ಲ. ನಾನು ಅಷ್ಟು ಬಲ್ಲೆ, ಅದರ ಮೇಲೆ ಬಲ್ಲೆನೆ?" ಮುದುಕಿ ಮೂಗೊರೆಸಿಕೊಂಡರು. "ಇಲ್ಲಿ ಕೇಳಿದವರಿಗೆಲ್ಲ ರಾಮು ನಾರಾಯಣ ಅಂದ ಅಂತ ಆಗ್ಲೇ ಹೇಳಿಬಿಟ್ಟಿದೀನಿ. ನೀನೂ ಹಾಗೇ ಹೇಳು."

"ಸುಳ್ಳಾಗಲ್ವಾ ಅಕ್ಕ?"

"ಮೊದಮೊದಲು ಆಗುತ್ತೆ," ಎಂದರು ವಾಸಂತಕ್ಕ. "ಹೋಗು. ಅವನನ್ನ ಬಿಸಿಲಲ್ಲಿ ಕಾಯಿಸಬೇಡ."

*

ಹೆಂಗಸರು ಸ್ಮಶಾನಕ್ಕೆ ಹೋಗುವ ಪದ್ಧತಿ ಇಲ್ಲದ್ದರಿಂದ ಬಾಯಿಗೆ ಅಕ್ಕಿ ಹಾಕುವುದನ್ನು ಮನೆಯ ಮುಂದೆಯೇ ಮುಗಿಸಬೇಕೆಂದು ಗುರುಕ್ಕಳು ಹೇಳಿದರು. ವೇದಾ ಹಾಕಿದಳು, ನಿಹಾರಿಕಾ ಹಾಕಿದಳು. ಪದ್ಧತಿ ತನಗೆ ಸೇರುತ್ತದೋ ಇಲ್ಲವೋ ಎಂದು ಅನುಮಾನಿಸುತ್ತ ನಿಂತಿದ್ದ ಲಿಮ್‌ನನ್ನು ಗುರುಕ್ಕಳೇ ಕೈಹಿಡಿದು ಕರೆತಂದರು; ಅವನೂ ಹಾಕಿ ತಲೆಯ ಬಳಿ ನಿಂತ. ಕೊನೆಗೆ ಹೊನ್ನಮ್ಮ.

ಮೂರು ಸಲ ಅಕ್ಕಿ ಹಾಕಿದರು. ಆಮೇಲೆ ಎದ್ದೇಳಲಿಲ್ಲ. ನೆಲಕ್ಕೆ ಕೈಯೂರಿ, ನಿಧಾನವಾಗಿ ಬಾಗಿ, ಗಂಡನ ಬಲಗಿವಿಗೆ ಬಾಯಿಟ್ಟರು.

ಗುರುಕ್ಕಳು ಗಂಟೆ ಬಾರಿಸುತ್ತಿದ್ದ ಕೈಯನ್ನು ನಿಲ್ಲಿಸಿದರು. ವೇದಾ ಕಣ್ಣು ಮುಚ್ಚಿ ಕೈಮುಗಿದಳು. ಲಕ್ಷ್ಮಿ ಕೈಮುಗಿದಳು. ಗೇಟಿನ ಹೊರಗೆ ನಿಂತಿದ್ದ, ಈ ಊರಿಗೆ ಕೆಲಸಕ್ಕೆ ಬಂದ ಮೈಸೂರಿನ ಕಡೆಯ ಹುಡುಗರು, ಕಾರ್ಖಾನೆಯವರು ಒಬ್ಬರನ್ನು ನೋಡಿ ಒಬ್ಬರು ಕೈಮುಗಿದರು. ನಾರಾಯಣ ನಾರಾಯಣ ಎಂದು ಯಾರೋ ಶುರುಮಾಡಿದರು. ಉಳಿದವರು ಮೆಲ್ಲಗೆ ದನಿಗೂಡಿಸಿದರು.

ತಲೆಯ ಬಳಿಯಿದ್ದ ಲಿಮ್‌ಗೆ ಕನ್ನಡ ಬಾರದು. ಆದರೆ ಆ ಪಿಸುಮಾತಿನ ನಡುವೆ ಒಂದು ಹೆಸರು ಅವನಿಗೆ ತಿಳಿಯಿತು, ಮತ್ತೊಂದು ಹೆಸರು ತಿಳಿಯಿತು. ಅವನು ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಅಲ್ಲೂ ಮಳೆಯಂತೆ ರೀ, ನೀವು ಹೇಳ್ತಿದ್ದ ಹಾಗೇ," ಎನ್ನುತ್ತಿದ್ದರು ಹೊನ್ನಮ್ಮ. "ಹತ್ತನೇ ನಿಮಿಷಕ್ಕೇ ಅವರು ಒಂದು ಹಾಕಿಬಿಟ್ರು. ನಮ್ಮ ಗೋಲು ಕಾಯೋ ಕಾರ್ವರ್ ಜಾರಿಬಿದ್ದನಂತೆ, ಪಾಪ, ಅವನ ತಪ್ಪಲ್ಲ, ನೆಲವೆಲ್ಲ ಕೆಸರು. ಆದರೂ ಜನ ಒಬ್ಬರೂ ಎದ್ದು ಹೋಗಲಿಲ್ಲವಂತೆ. ಕೇಳಿ, ಅವಸರ ಮಾಡಬೇಡಿ, ನಮ್ಮದು ಇನ್ನೂ ಮುಂದಿದೆ. ಡಾಸನ್ ಅಂತ ಒಬ್ಬ ಹುಡುಗ, ಹತ್ತೊಂಬತ್ತು ವರ್ಷ, ಆ ಊರಿನವನೇ..."

ಎತ್ತಲು ಬಂದ ನಾಲ್ವರು ಹೆಗಲ ಬಟ್ಟೆ ಕೈಯಲ್ಲಿ ಹಿಡಿದು ಕಾದರು. ಲೋಕೇಶ ಒಮ್ಮೆ ಗಡಿಯಾರ ನೋಡಿಕೊಂಡು ಗುರುಕ್ಕಳ ಕಡೆ ನೋಡಿದ. ಅವರು ಬೇಡ ಎಂದು ತಲೆಯಾಡಿಸಿದರು. ವ್ಯಾನಿನ ಚಾಲಕ ಎಂಜಿನ್ ಆರಿಸಿ, ಕೆಳಗಿಳಿದು, ಚಪ್ಪಲಿ ಬಿಟ್ಟು, ಸುಡುವ ರಸ್ತೆಯ ಮೇಲೆ ಕೈಮುಗಿದು ನಿಂತ. ಹೊನ್ನಮ್ಮನ ತುಟಿ ಆಡುತ್ತಲೇ ಇತ್ತು. ಆಟ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.